ಖಾಲಿ ಐದರಲ್ಲಿ ಒಂದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ತಣ್ಣಗೆ ಕೂತು ಹೇಳುವವರು ಬೇಕಿದ್ದರೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ.

ನಮ್ಮಪ್ಪನಿಗೆ ಕ್ರಿಕೆಟ್ ಅರ್ಥವಾಗುವುದಿಲ್ಲ, ಧಾರಾವಾಹಿ ಕಂಡರೆ ಆಗುವುದಿಲ್ಲ. ಟೀವಿಯಲ್ಲಿ ಅವನು ನೋಡುವುದು ಒಂದೇ, ವಿಧಾನಸಭೆಯ ಪಕ್ಷಗಳ ಬಲಾಬಲ. ಯಾವ ಪಕ್ಷದಲ್ಲಿ ಎಷ್ಟು ಶಾಸಕರು ಎಂದು ಬಣ್ಣದ ಚೌಕ ಹಾಕಿ ತೋರಿಸುತ್ತಾರಲ್ಲ, ಅದು. "ಆಳೋರು ನೂರ ಹದಿನಾಲ್ಕು, ಎದುರಿನೋರು ನೂರ ಎಂಟು, ಇತರೆ ಎರಡು. ಒಟ್ಟು ಇನ್ನೂರ ಇಪ್ಪತ್ನಾಲ್ಕು." ಹಲ್ಲುಜ್ಜುವಾಗಲೂ ಇದನ್ನೇ ಹೇಳಿಕೊಳ್ಳುತ್ತಿದ್ದ. ಹೆಸರು ಹುಚ್ಚಣ್ಣ ಅಂತ ಇಟ್ಟಿದ್ದಕ್ಕೂ ಸಾರ್ಥಕವಾಯ್ತು ಎಂದು ಅವ್ವ ಬೈಯುತ್ತಿದ್ದಳು. ಸರ್ಕಾರ ನಡೆಯಲು ನೂರ ಹದಿಮೂರು ಬೇಕು. ನೂರ ಹದಿನಾಲ್ಕು ಅಂದರೆ ಒಂದು ಹೆಚ್ಚು.

"ಆ ಹೆಚ್ಚಿಂದು ಒಂದೈತಲ್ಲ, ಅದು ಯಾವ್ದು ಗೊತ್ತೇನೇ ಅನಿತಾ? ನಮ್ದು ಕಣೇ. ನಾವು ಕಳಿಸಿರೋದು" ಅನ್ನುತ್ತಿದ್ದ.

ಹೇಳುವಾಗ ಅವನ ಮುಖ ನೋಡಬೇಕಿತ್ತು. ಸರ್ಕಾರವನ್ನೇ ಹೆಗಲ ಮೇಲೆ ಹೊತ್ತವನ ಹಾಗೆ ಟವೆಲ್ಲು ಕೊಡವಿಕೊಂಡು ತೋಟಕ್ಕೆ ಹೋಗುತ್ತಿದ್ದ. ಪಾಪ.

ನಾನು ಅನಿತಾ. ತುರುವೇಕೆರೆ ಕಡೆಗೆ ಮದುವೆಯಾಗಿ ಹೋಗಿದ್ದೆ. ಗಂಡ ಕೈ ಎತ್ತುವುದನ್ನು ಅಭ್ಯಾಸ ಮಾಡಿಕೊಂಡ ಮೇಲೆ ಬಟ್ಟೆಗಂಟು ಹಿಡಿದು ವಾಪಸ್ ಬಂದೆ. ಹಾಲ್ಕುರಿಕೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮೂರು. ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಅಪ್ಪನ ತೋಟ ಅಣ್ಣನಿಗೆ ಎಂದು ಊರೇ ತೀರ್ಮಾನ ಮಾಡಿಯಾಗಿದೆ. ಕಾನೂನು ಬೇರೆ ಹೇಳುತ್ತದೆ, ನನಗೂ ಗೊತ್ತು. ಆದರೆ ಕಾನೂನು ನಮ್ಮನೆ ಜಗಲಿಯ ಮೇಲೆ ಕೂತು ಅಣ್ಣನ ಜೊತೆ ಮಾತಾಡುವುದಿಲ್ಲವಲ್ಲ. ಅವ್ವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ದಿಣ್ಣೆಯ ಮೇಲಿನ ಎರಡು ಎಕರೆ ನನಗೆ ಎಂದಿದ್ದಳು.

ಆ ಎರಡು ಎಕರೆ ಅವ್ವನದು. ಹಾಗಂತ ನಾವು ಹೇಳುತ್ತೇವೆ, ಪಹಣಿ ಹೇಳುವುದಿಲ್ಲ. ಪಹಣಿಯಲ್ಲಿ ಅದು ಸರ್ಕಾರಿ ಗೋಮಾಳ. ಅವ್ವ, ಚಿಕ್ಕಗೌರಮ್ಮ, ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಕಾಟ ತಡೆಯಲಾರದೆ ದಿಣ್ಣೆಗೆ ಹೋಗಿ ಅಳುತ್ತಾ ಕೂರುತ್ತಿದ್ದಳಂತೆ. ಸುಮ್ಮನೆ ಅಳುವುದಕ್ಕಿಂತ ಒಂದು ಗುಂಡಿ ತೋಡೋಣ ಅನ್ನಿಸಿ ತೋಡಿದಳಂತೆ. ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ಒಂದೊಂದೇ ತೆಂಗಿನ ಸಸಿ ಬದುಕಿಸಿದಳು. ಈಗ ಅಲ್ಲಿ ನಿಂತರೆ ಬಿಸಿಲು ಕಾಣುವುದಿಲ್ಲ. ಅಟ್ಟದಲ್ಲಿ ಒಣಗಿಸಿದ ಆ ಮರಗಳ ಕೊಬ್ಬರಿಯೇ ನನ್ನ ಮದುವೆಯ ಖರ್ಚು ತೂಗಿಸಿತು. ಆ ಮದುವೆ ಏನಾಯಿತು ಅನ್ನುವುದು ಬೇರೆ ಮಾತು, ಕೊಬ್ಬರಿಯದೇನೂ ತಪ್ಪಿಲ್ಲ.

ನಡುವೆ ಒಂದು ಮರಕ್ಕೆ ಸಿಡಿಲು ಬಡಿದು ಹೋಯಿತು. ಬುಡ ಕಿತ್ತ ಜಾಗ ಗುಂಡಿಯಾಗಿ ಉಳಿಯಿತು. ಅವ್ವ ಅಲ್ಲಿ ಬೇರೆ ಸಸಿ ನೆಡಲಿಲ್ಲ. "ಜಮೀನು ಹೆಸ್ರಿಗೆ ಆಗ್ಲಿ. ಅವತ್ತು ನೆಡಿಸ್ತೀನಿ. ಅದೂ ನಿನ್ ಕೈಲಿ" ಎಂದು ಬಚ್ಚಲ ನೀರು ಹರಿಯುವ ಕಡೆ ಒಂದು ಕಾಯಿ ಮೊಳಕೆಗೆ ಇಟ್ಟಳು.

ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಮಂಜೂರು ಮಾಡಲು ಬಗರ್ ಹುಕುಂ ಸಮಿತಿ ಅಂತ ಇರುತ್ತದೆ. ಅದಕ್ಕೆ ಅಧ್ಯಕ್ಷರು ಶಾಸಕರೇ. ಶಾಸಕ ಕೂತು ತಲೆ ಆಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ತಿಮ್ಮರಾಜು ಚುನಾವಣೆಗೆ ನಿಂತು ನಮ್ಮೂರಿಗೆ ಬಂದಾಗ ಅವ್ವ ಬೇರೆ ಏನೂ ಕೇಳಲಿಲ್ಲ. ರಸ್ತೆ ಕೇಳಲಿಲ್ಲ, ಪಿಂಚಣಿ ಕೇಳಲಿಲ್ಲ. "ದಿಣ್ಣೆ ಮಾಡ್ಕೊಡಪ್ಪ" ಎಂದಳು.

"ಮಾಡ್ಕೊಡದೇ ಇದ್ರೆ ನಾನ್ಯಾವ ಸೀಮೆ ಮಗ ಅಮ್ಮ!" ಎಂದ ತಿಮ್ಮರಾಜು. ಅವ್ವನ ಕಾಲು ಮುಟ್ಟಿದ. ಶಾಸಕರ ಬಗ್ಗೆ ಬರೆಯುವಾಗ ಮರ್ಯಾದೆ ಕೊಟ್ಟು ಬರೆಯಬೇಕು ಅನ್ನುವವರಿದ್ದಾರೆ. ಅವರು ಬರೆದುಕೊಳ್ಳಲಿ.

ಜೊತೆಗೆ ಅವನ ಹೆಂಡತಿ ಆಶಾ ಮೇಡಂ ಬಂದಿದ್ದರು. ಮನೆಗೆ ಮೊದಲ ಸಲ ಬಂದ ಮುತ್ತೈದೆ, ಅದರಲ್ಲೂ ಕಾಲು ಮುಟ್ಟಿದವನ ಹೆಂಡತಿ. ಅವ್ವ ಮಣೆ ಹಾಕಿ ಕೂರಿಸಿ ಮಡಿಲು ತುಂಬಿದಳು. ಮನೆಯ ಅಕ್ಕಿ, ದಿಣ್ಣೆಯ ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ಒಂದು ರವಿಕೆ ಕಣ. "ಇವತ್ತಿಂದ ನೀನು ನಮ್ಮನೆ ಮಗಳು ಕಣವ್ವ" ಎಂದಳು. ಯಾರೋ ಫೋನಿನಲ್ಲಿ ಹಿಡಿದರು. ಅದು ಕ್ಷೇತ್ರವೆಲ್ಲ ಓಡಾಡಿತು. ನಮ್ಮೂರಲ್ಲಿ ಒಂದು ಓಟೂ ಆಚೀಚೆ ಆಗಲಿಲ್ಲ.

ಅವತ್ತು ಒಂದು ಸಣ್ಣ ವಿಷಯ ನಡೆಯಿತು. ನಮ್ಮ ಕಡೆ ಮಡಿಲು ತುಂಬಿಸಿಕೊಂಡ ಹೆಣ್ಣುಮಗಳು ಏಳುವ ಮೊದಲು ತನ್ನ ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಮೊರಕ್ಕೆ ವಾಪಸ್ ಹಾಕುತ್ತಾಳೆ. ಎಲ್ಲವನ್ನೂ ಬಳಿದುಕೊಂಡು ಹೋಗಬಾರದು, ತವರು ಖಾಲಿಯಾಗಬಾರದು ಅಂತ. ಆಶಾ ಮೇಡಂಗೆ ಗೊತ್ತಿರಲಿಲ್ಲವೋ, ಅವಸರವೋ, ಸೆರಗು ಗಂಟು ಹಾಕಿಕೊಂಡು ಎದ್ದು ಕಾರು ಹತ್ತಿಬಿಟ್ಟರು. ಅವ್ವ ಖಾಲಿ ಮೊರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ತಿಳೀದು ಬುಡು, ಪ್ಯಾಟೆ ಹೆಣ್ಣು" ಎಂದು ಒಳಗೆ ಬಂದಳು.

ತಿಮ್ಮರಾಜು ಗೆದ್ದ. ನೂರ ಹದಿನಾಲ್ಕರಲ್ಲಿ ಒಂದಾದ. ಸಮಿತಿ ರಚನೆಯಾಗಲು ಕಾಲ ಹಿಡಿಯಿತು, ಸರ್ವೆಯವರು ಬರಲು ಇನ್ನಷ್ಟು ಹಿಡಿಯಿತು. ಅಂತೂ ಒಂದು ಸೋಮವಾರ ಗಂಗರಾಜು ಬಂದ. ಗಂಗರಾಜು ನಮ್ಮೂರಲ್ಲಿ ತಿಮ್ಮರಾಜುವಿನ ಬಲಗೈ. ಅವನು ಯಾರ ಮನೆಗೆ ಬಂದರೂ ಕಾಫಿ ಕುಡಿಯದೆ ಸುದ್ದಿ ಹೇಳುವುದಿಲ್ಲ. ಲೋಟ ಕೆಳಗಿಟ್ಟು, "ಅಜ್ಜಿ, ಶುಕ್ರವಾರ ಮೀಟಿಂಗು. ನಿಮ್ ಫೈಲು ಮೇಲ್ಗಡೆನೇ ಐತೆ. ಶಾಸಕರೇ ಖುದ್ದಾಗಿ ಹೇಳವ್ರೆ" ಎಂದ. ಅವ್ವ ಅವತ್ತು ಸಂಜೆ ಬಚ್ಚಲ ಪಕ್ಕದ ಸಸಿಗೆ ಎರಡು ಸಲ ನೀರು ಹಾಕಿದಳು.

ಬುಧವಾರ ನಾನು ಜಾಕೀಟಿಗೆ ಹುಕ್ಕು ಹೊಲಿಯುತ್ತಿದ್ದೆ. ಒಳಗಿಂದ ಅಪ್ಪ "ಅಯ್ಯೋ ಅಯ್ಯೋ" ಅನ್ನುವುದು ಕೇಳಿಸಿತು. ಬಿದ್ದನೇನೋ ಎಂದು ಓಡಿದೆ. ಬಿದ್ದಿರಲಿಲ್ಲ. ಟೀವಿಯಲ್ಲಿ ಒಂದು ದೊಡ್ಡ ಬಸ್ಸು ಹೋಗುತ್ತಿತ್ತು. ಆಳುವ ಪಕ್ಷದ ಐದು ಜನ ರಾಜೀನಾಮೆ ಕೊಟ್ಟು, ದನ ಹೊಡೆದುಕೊಂಡು ಹೋದ ಹಾಗೆ ಬೇರೆ ರಾಜ್ಯದ ರೆಸಾರ್ಟಿಗೆ ಹೋಗುತ್ತಿದ್ದರು. ಕಿಟಕಿಯ ಪಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಕೈ ಬೀಸುತ್ತಿದ್ದವನು ನಮ್ಮ ತಿಮ್ಮರಾಜು. ಯಾರಿಗೆ ಕೈ ಬೀಸುತ್ತಿದ್ದನೋ! ಕ್ಯಾಮೆರಾದವರು ಕೇಳಿದ್ದಕ್ಕೆ, "ಕ್ಷೇತ್ರದ ಅಭಿವೃದ್ಧಿಗಾಗಿ" ಎಂದ. ಆ ಮಾತಿಗೆ ನನ್ನ ಬಾಯಲ್ಲಿದ್ದ ಸೂಜಿ ಕಚ್ಚಿಕೊಂಡು ತುಟಿ ಹರಿಯಿತು.

ಬಲಾಬಲದ ಚೌಕ ಬಂತು. ಆಳುವವರು ನೂರ ಒಂಬತ್ತು. ಎದುರಿನವರು ಇತರೆಯನ್ನೂ ಸೇರಿಸಿಕೊಂಡು ನೂರ ಹತ್ತು. ಅದರ ಕೆಳಗೆ ಬೂದು ಬಣ್ಣದಲ್ಲಿ ಹೊಸದೊಂದು ಚೌಕ. ಖಾಲಿ, ಐದು.

"ಖಾಲಿ ಅಂದ್ರೇನೇ?" ಅವ್ವ ಕೇಳಿದಳು. ಓದಲು ಬಾರದಿದ್ದರೂ ಟೀವಿಯವಳು ಕೂಗಿ ಕೂಗಿ ಹೇಳುತ್ತಿದ್ದಳಲ್ಲ.

"ಆ ಕ್ಷೇತ್ರಗಳಲ್ಲಿ ಯಾರೂ ಇಲ್ಲ ಅಂತ ಕಣವ್ವ."

"ಯಾರೂ ಇಲ್ಲ ಅಂದ್ರೆ? ನಾವಿಲ್ವಾ?"

ಅವತ್ತು ಅಪ್ಪನಿಗೆ ಹೇಳಿಕೊಳ್ಳಲು ಯಾವ ಅಂಕಿಯೂ ಉಳಿದಿರಲಿಲ್ಲ. ಎರಡು ಲಕ್ಷ ಓಟಿನ ಕ್ಷೇತ್ರ ನಮ್ಮದು. ತೋಟವಿದೆ, ಕೆರೆಯಿದೆ, ಕೊಬ್ಬರಿ ತುಂಬಿದ ಅಟ್ಟಗಳಿವೆ, ಮಠವಿದೆ, ಬೆಳಗಾದರೆ ಎದ್ದು ಹಾಲು ಕರೆಯುವ ಜನರಿದ್ದಾರೆ. ಒಬ್ಬ ಹೋಗಿದ್ದಕ್ಕೆ ಎಲ್ಲರನ್ನೂ ಸೇರಿಸಿ ಖಾಲಿ ಎಂದು ಬರೆದರು. ಓಡಿಹೋದವನ ಹೆಸರಿನ ಮುಂದೆ ಬರೆಯಬೇಕಾದದ್ದನ್ನು ನಮ್ಮ ಊರಿನ ಹೆಸರಿನ ಮುಂದೆ ಬರೆದರು. ನಾನು ಟೀವಿ ಆರಿಸಿ ರಿಮೋಟನ್ನು ಗೋಡೆಗೆ ಎಸೆದೆ. ಅಪ್ಪ ಅದನ್ನು ಎತ್ತಿಕೊಂಡು ಬ್ಯಾಟರಿ ಹುಡುಕಿ ಹಾಕಿದ.

ಶುಕ್ರವಾರ ಅವ್ವ ರೇಷ್ಮೆ ಅಂಚಿನ ಸೀರೆ ಉಟ್ಟು ಹೊರಟು ನಿಂತಳು. ಮೀಟಿಂಗು ಇಲ್ಲ ಅಂದರೂ ಕೇಳಲಿಲ್ಲ. "ಕರೆದಿದ್ದು ಶುಕ್ರವಾರ. ಹೋಗದಿದ್ರೆ ತಪ್ಪು ನಮ್ದಾಯ್ತದೆ" ಎಂದಳು. ಕರೆದುಕೊಂಡು ಹೋದೆ. ತಾಲ್ಲೂಕು ಕಚೇರಿಯಲ್ಲಿ ನಮ್ಮ ಹಾಗೇ ಬಂದಿದ್ದವರು ಇನ್ನೂ ಕೆಲವರು ಗೋಡೆಗೆ ಒರಗಿ ಕೂತಿದ್ದರು. ಗುಮಾಸ್ತರು ಒಳ್ಳೆಯವರು, ಎದ್ದು ನಿಂತು ಹೇಳಿದರು. "ಅಧ್ಯಕ್ಷರೇ ಇಲ್ಲ ಅಂದ್ಮೇಲೆ ಸಮಿತಿ ಎಲ್ಲಿಂದ ಸೇರ್ತದಮ್ಮ? ಉಪಚುನಾವಣೆ ಆಗ್ಬೇಕು, ಹೊಸಬ್ರು ಬರ್ಬೇಕು, ಹೊಸ ಸಮಿತಿ ಆಗ್ಬೇಕು." ಅವರ ಮೇಲೆ ಕೂಗಾಡಿ ಏನು ಪ್ರಯೋಜನ? ಆದರೂ ಕೂಗಾಡಿದೆ. ಅವರು ಕೇಳಿಸಿಕೊಂಡು ನೀರು ಕೊಟ್ಟರು.

ಊರಿಗೆ ವಾಪಸ್ ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯಾಚೆ ನೋಡುತ್ತಾ ಕೂತಿದ್ದವಳು ತಟ್ಟನೆ ಹೇಳಿದಳು.

"ತಪ್ಪು ನಂದೇ ಕಣೇ."

"ಏನವ್ವ ನಿಂದು?"

"ಅವತ್ತು ಅವ್ಳು ಒಂದ್ ಹಿಡಿ ವಾಪಸ್ ಹಾಕ್ದೆ ಹೋದ್ಲಲ್ಲ. ಕರೆದು ಹೇಳ್ಬೇಕಾಗಿತ್ತು ನಾನು. ದೊಡ್ಡೋರ ಮನೆ ಹೆಣ್ಣು ಅಂತ ಸುಮ್ಕಾದೆ. ಮನೆ ಖಾಲಿ ಆಯ್ತು. ಟೀವೀಲೂ ಅದ್ನೇ ಅಂದ್ರಲ್ಲ."

ನನಗೆ ತಿಮ್ಮರಾಜುವಿನ ಮೇಲೆ ಬಂದ ಸಿಟ್ಟು ಒಂದು ತೂಕವಾದರೆ, ಇದಕ್ಕೆ ಬಂದದ್ದು ಹತ್ತು ತೂಕ. ಒಬ್ಬ ಗಂಡಸು ಹಾಡುಹಗಲೇ ನಮ್ಮೆಲ್ಲರನ್ನೂ ಮಾರಿ ಬಸ್ಸು ಹತ್ತಿದ್ದಾನೆ. ಇವಳು ಮನೆಯೊಳಗೆ, ಮೊರದೊಳಗೆ, ಒಂದು ಹಿಡಿ ಅಕ್ಕಿಯೊಳಗೆ ತನ್ನ ತಪ್ಪು ಹುಡುಕುತ್ತಿದ್ದಾಳೆ. ಗಂಡ ಹೊಡೆದಾಗ ಸಾರಿಗೆ ಉಪ್ಪು ಹೆಚ್ಚಾಗಿತ್ತೇನೋ ಎಂದು ನಾನು ಯೋಚಿಸುತ್ತಿದ್ದೆನಲ್ಲ, ಹಾಗೇ. "ಬಾಯ್ ಮುಚ್ಕೊಂಡು ಕೂತ್ಕೊ ಅವ್ವ" ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು, ಹೆತ್ತವ್ವನಿಗೆ ಹೀಗಾ ಅನ್ನುವ ಹಾಗೆ. ನೋಡಲಿ.

ಅವ್ವ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಕೊಳಾಯಿ ಹತ್ತಿರ ಹೇಳಿದಳು, ಡೈರಿ ಹತ್ತಿರ ಹೇಳಿದಳು. ಕೇಳಿದ ಹೆಂಗಸರೂ ಹೌದು ಹೌದು ಎಂದು ತಲೆದೂಗಿದರು. ಪಕ್ಕದ ಬೀದಿಯ ಚಿಕ್ಕಗಂಗಮ್ಮ ತನ್ನ ತಂಗಿಯ ಮಗಳೊಬ್ಬಳು ಹೀಗೇ ಎಲ್ಲ ಬಳಿದುಕೊಂಡು ಹೋಗಿ ಆ ವರ್ಷ ಹಸು ಸತ್ತದ್ದನ್ನು ನೆನಪು ಮಾಡಿಕೊಂಡಳು. ಹಾಗೆ ನೋಡುನೋಡುತ್ತ ಸರ್ಕಾರ ಬಿದ್ದದ್ದಕ್ಕೆ ನಮ್ಮನೆಯ ಅಕ್ಕಿ ಕಾರಣವಾಯಿತು. ತಿಮ್ಮರಾಜು ಒಬ್ಬನನ್ನು ಬಿಟ್ಟು ಬೇರೆ ಎಲ್ಲರ ತಪ್ಪನ್ನೂ ಊರು ಯೋಚನೆ ಮಾಡುತ್ತಿತ್ತು.

ಉಪಚುನಾವಣೆ ಬಂತು. ತಿಮ್ಮರಾಜು ಈ ಸಲ ಎದುರಿನ ಪಕ್ಷದಿಂದ ನಿಂತ. ಈಗ ಅವರೇ ಆಳುವವರು. ಗಂಗರಾಜು ಹೆಗಲ ಮೇಲಿನ ಶಾಲಿನ ಬಣ್ಣ ಬದಲಾಯಿಸಿಕೊಂಡು, ಅದೇ ನಗು ಇಟ್ಟುಕೊಂಡು ಬಂದ. ಕಾಫಿ ಕುಡಿದ. ನಾನು ಸಕ್ಕರೆ ಹಾಕಿರಲಿಲ್ಲ, ಅವನು ಅದನ್ನು ತೋರಿಸಿಕೊಳ್ಳಲಿಲ್ಲ.

"ಅಜ್ಜಿ, ನೀವು ಹೇಳ್ತಿರೋದು ನನ್ ಕಿವಿಗೂ ಬಿತ್ತು. ಸರಿಯಾಗಿ ಹೇಳಿದೀರ. ಮೇಡಂನೇ ಕರ್ಕಂಬತ್ತೀನಿ ಭಾನುವಾರ. ಇನ್ನೊಂದ್ ಸಲ ಮಡ್ಲು ತುಂಬಿ, ಆ ಒಂದ್ ಹಿಡಿ ವಾಪಸ್ ಹಾಕಿಸ್ಕಳಿ. ಎಲ್ಲಾ ಸರಿ ಹೋಯ್ತದೆ. ಫೈಲೂ ಸರಿ ಹೋಯ್ತದೆ."

"ಆಗ್ಲಪ್ಪ" ಎಂದಳು ಅವ್ವ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ನಾನು ಅವ್ವನನ್ನು ಒಳಗೆ ಕರೆದು ಜಗಳ ಮಾಡಿದೆ. ಬರುವುದು ಬೇಡ ಅನ್ನು ಎಂದೆ. ಬಾಗಿಲಿಗೆ ಬಂದ ಹೆಣ್ಣನ್ನು ಬರಿ ಮಡಿಲಲ್ಲಿ ಕಳಿಸಲಾಗುವುದಿಲ್ಲ ಎಂದಳು. ಅವನು ನಿನ್ನನ್ನು ಮೂರ್ಖಳನ್ನಾಗಿ ಮಾಡುತ್ತಿದ್ದಾನೆ ಎಂದೆ. "ಮಾಡ್ಲಿ ಬುಡು. ದಿಣ್ಣೆ ನಿನ್ ಹೆಸ್ರಿಗೆ ಆಗ್ಲಿ. ನಾನು ಸತ್ಮೇಲೆ ನಿನ್ನ ಈ ಪಡಸಾಲೆಯಿಂದ ಯಾರಾದ್ರೂ ಎಬ್ಬಿಸಿದ್ರೆ ಹೋಗಕ್ಕೆ ಒಂದ್ ಜಾಗ ಇರ್ಬೇಕು" ಎಂದಳು. ಮಿಷನ್ ಮುಂದೆ ಕೂತು ಅವತ್ತು ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ.

ಭಾನುವಾರ ಮೂರು ಕಾರು ಬಂದವು. ಮೊದಲು ಗಂಗರಾಜು ಒಂದು ದೊಡ್ಡ ತಟ್ಟೆ ಹೊತ್ತು ಒಳಗೆ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ಅಂಗಡಿ ಅಕ್ಕಿ, ಅಂಗಡಿ ಕೊಬ್ಬರಿ, ಹೊಸ ಪಕ್ಷದ ಬಣ್ಣದ ಕಣ, ಎಲ್ಲ ಜೋಡಿಸಿಟ್ಟಿತ್ತು. ನೋಡಿ, ಕೊಬ್ಬರಿ ಸೀಮೆಯಲ್ಲಿ, ನಮ್ಮನೆಯ ಅಟ್ಟದ ಕೆಳಗೆ ನಿಂತು, ಅಂಗಡಿ ಕೊಬ್ಬರಿ! ಅವ್ವ ಸುಮ್ಮನೆ ಕೂತು ಸುರಿದರೆ ಸಾಕಂತೆ, ಮಿಕ್ಕದ್ದು ಅವರು ನೋಡಿಕೊಳ್ಳುತ್ತಾರಂತೆ.

"ಮಡ್ಲಕ್ಕಿ ತಂದು ಕೊಡೋದಲ್ಲ ಕಣಪ್ಪ, ಮನೇದಾಗ್ಬೇಕು" ಎಂದು ಅವ್ವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಒಳಗಿಂದ ತನ್ನ ಮೊರ ತಂದಳು.

ಆಶಾ ಮೇಡಂ ಮಣೆಯ ಮೇಲೆ ಕೂತರು. ಹೋದ ಸಲಕ್ಕಿಂತ ಇಳಿದುಹೋಗಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವ್ವ ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬಿದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಗಂಗರಾಜುವಿನ ಕಡೆಯವನೊಬ್ಬ ಫೋನು ಎತ್ತಿ ಹಿಡಿದಿದ್ದ.

"ಈಗ ಒಂದ್ ಹಿಡಿ ವಾಪಸ್ ಹಾಕವ್ವ. ಹೋದ್ಸಲ ನಾನು ಹೇಳ್ಕೊಡ್ಲಿಲ್ಲ. ಅದ್ಕೇ ಇಷ್ಟೆಲ್ಲಾ ಆಯ್ತು. ತಪ್ಪು ನಂದೇ ಕಣವ್ವ" ಎಂದಳು ಅವ್ವ.

ಗಂಗರಾಜು ಕುಣಿದಾಡಿಬಿಟ್ಟ. "ಹಿಡ್ಕಂಡ್ಯೇನ್ಲಾ ಅದ್ನ? ಅಜ್ಜಿ, ಅಜ್ಜಿ, ಇನ್ನೊಂದ್ ಸಲ ಹೇಳಿ. ಇಲ್ಲಿ ಫೋನ್ ನೋಡ್ಕಂಡು. 'ತಪ್ಪು ನಂದೇ' ಅನ್ನಿ. ಜೋರಾಗಿ."

ಅವ್ವ ಫೋನಿನ ಕಡೆ ತಿರುಗಿದಳು. ಕೈ ಜೋಡಿಸಿದಳು. "ತಪ್ಪು..." ಎಂದಳು.

ಅಷ್ಟೇ. ನನ್ನ ತಲೆಯೊಳಗೆ ಏನೋ ಕಿತ್ತುಕೊಂಡಿತು. ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೇ ಎದ್ದು ಬಂದು ಅವ್ವನಿಗೂ ಫೋನಿಗೂ ನಡುವೆ ನಿಂತೆ.

"ಇನ್ನೊಂದ್ ಮಾತು ಆಡಿದ್ರೆ ನೋಡವ್ವ! ತಪ್ಪಂತೆ ತಪ್ಪು! ಮರ ನೆಟ್ಟೋಳು ನೀನು, ಓಟು ಹಾಕ್ದೋಳು ನೀನು, ಶುಕ್ರವಾರ ಅಂದಿದ್ಕೆ ಶುಕ್ರವಾರ ಹೋಗಿ ಗೋಡೆಗೆ ಒರಗಿ ಕೂತೋಳು ನೀನು. ಬಸ್ ಹತ್ತಿದೋನು ಯಾರು? ಅವನ್ಯಾಕೆ ಇಲ್ಲಿ ಬಂದು ಕೈ ಮುಗೀತಿಲ್ಲ? ಹೆಂಡ್ತಿನ ಕಳಿಸವ್ನೆ!"

"ಅನಿತಕ್ಕ, ಸುಮ್ಕಿರಿ. ಲೈವ್ ಹೋಗ್ತಾ ಐತೆ" ಎಂದ ಗಂಗರಾಜು.

"ಹೋಗ್ಲಿ ಕಣ್ಲಾ! ಎಲ್ಲಾ ನೋಡ್ಲಿ! ಮೇಡಂ, ನೀವೇ ಹೇಳಿ. ನಿಮ್ ಮನೆಯೋರು ಬಸ್ ಹತ್ತಿದ್ದು ಒಂದ್ ಹಿಡಿ ಅಕ್ಕಿಗಾ? ಅದೊಂದ್ ಹಿಡಿ ನಮ್ ಮೊರಕ್ಕೆ ಬಿದ್ದಿದ್ರೆ ಇಳೀತಿದ್ರಾ?"

ಆಶಾ ಮೇಡಂ ತಮ್ಮ ಮಡಿಲಿನ ಅಕ್ಕಿಯನ್ನೇ ನೋಡುತ್ತಿದ್ದರು.

"ನಂಗೂ ಟೀವೀಲಿ ನೋಡೇ ಗೊತ್ತಾಗಿದ್ದು" ಎಂದರು. ದನಿ ಬಹಳ ಸಣ್ಣದಾಗಿತ್ತು. ಆಮೇಲೆ ಅವ್ವನ ಕಡೆ ತಿರುಗಿ, "ತಪ್ಪು ನಿಮ್ದಲ್ಲಮ್ಮ" ಎಂದರು. ಒಂದು ಹಿಡಿ ತೆಗೆಯಲಿಲ್ಲ. ಸೆರಗು ಎತ್ತಿ, ಅಕ್ಕಿ, ಕೊಬ್ಬರಿ, ಬೆಲ್ಲ, ಕಣ, ಎಲ್ಲವನ್ನೂ ಮೊರಕ್ಕೆ ಸುರಿದು ಎದ್ದು ನಿಂತರು.

ಅವ್ವ ಗಾಬರಿಯಾದಳು. ಮಡಿಲಕ್ಕಿ ಹಾಗೆ ಸುರಿದು ಹೋದವರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. "ಬರಿ ಮಡ್ಲಾಗೆ ಹೋಗ್ಬಾರ್ದು ಕಣವ್ವ" ಎಂದು ಮೊರದಿಂದ ಒಂದು ಹಿಡಿ ತೆಗೆದು ಆಕೆಯ ಸೆರಗಿಗೆ ಹಾಕಿದಳು. ಇನ್ನೊಂದು ಹಿಡಿಗೆ ಕೈ ಹೋಯಿತು. ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು, ಮತ್ತೆ ಆಕೆಯ ಮುಖ ನೋಡಿದಳು. "ಇಷ್ಟು ಸಾಕು" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಕಾರು ಹತ್ತುವಾಗ ಗಂಗರಾಜು ನನ್ನ ಹತ್ತಿರ ಬಂದು, ನಗುತ್ತಲೇ, "ಅನಿತಕ್ಕ, ಫೈಲು ಇನ್ನಾ ಟೇಬಲ್ ಮ್ಯಾಗೇ ಐತೆ. ಮರೀಬ್ಯಾಡಿ" ಎಂದ. ನಾನು ಅವನ ಮುಂದೆಯೇ ಅವನ ತಟ್ಟೆಯನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಬಂದೆ.

ತಿಮ್ಮರಾಜು ಗೆದ್ದ. ಸೋಲುತ್ತಾನೆ ಎಂದುಕೊಂಡಿದ್ದಿರಾ? ನಾನೂ ಅಂದುಕೊಂಡಿದ್ದೆ. ನಮ್ಮೂರ ಮತಗಟ್ಟೆಯಲ್ಲಿ ಸೋತ, ಕ್ಷೇತ್ರದಲ್ಲಿ ಗೆದ್ದ. ಅವನ ಜೊತೆ ಬಸ್ಸು ಹತ್ತಿದ್ದವರಲ್ಲಿ ಒಬ್ಬ ಮಾತ್ರ ಸೋತು ಆ ಸೀಟು ಹಳೆಯ ಪಕ್ಷಕ್ಕೇ ಹೋಯಿತು, ಉಳಿದವರೆಲ್ಲ ಗೆದ್ದರು. ಟೀವಿಯಲ್ಲಿ ಚೌಕಗಳು ಬಂದವು. ಅಪ್ಪ ಬಹಳ ದಿನದ ಮೇಲೆ ಹತ್ತಿರ ಹೋಗಿ ಕೂತು ಲೆಕ್ಕ ಹಾಕಿದ.

"ಆಳೋರು ನೂರ ಹನ್ನೆರಡು. ಇತರೆ ಎರಡೂ ಅವ್ರ ಕಡೇಕೆ. ಅಲ್ಲಿಗೆ ನೂರ ಹದಿನಾಲ್ಕು. ಎದುರಿನೋರು ನೂರ ಹತ್ತು. ಖಾಲಿ ಇಲ್ಲ." ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿ, "ಮೊದ್ಲೂ ನೂರ ಹದಿನಾಲ್ಕೇ ಇತ್ತಲ್ಲೇ" ಎಂದ.

"ಹೂಂ."

"ಹಂಗಾರೆ ಇಷ್ಟೆಲ್ಲಾ ಯಾಕೆ ಮಾಡಿದ್ರು?"

ಅವನೇ ಟೀವಿ ಆರಿಸಿದ. ಈಗ ಹಲ್ಲುಜ್ಜುವಾಗ ಏನೂ ಹೇಳಿಕೊಳ್ಳುವುದಿಲ್ಲ.

ಹೊಸ ಸಮಿತಿ ಸೇರಿತು. ಅಧ್ಯಕ್ಷ ಅದೇ ತಿಮ್ಮರಾಜು. ನಮ್ಮೂರಿನ ಅರ್ಜಿಗಳೆಲ್ಲ ಮಂಜೂರಾದವು. ಲಕ್ಕಯ್ಯನದು ಆಯಿತು, ಬೋರಯ್ಯನದು ಆಯಿತು, ಆಗಲಿ, ಅವರೂ ಕಷ್ಟಪಟ್ಟವರೇ. ನಮ್ಮದೊಂದನ್ನು ಬದಿಗಿಟ್ಟರು. ಊರಿನ ದನಗಳ ಲೆಕ್ಕಕ್ಕೆ ಗೋಮಾಳ ಸಾಕಾಗುವುದಿಲ್ಲವಂತೆ. ದನಗಳನ್ನು ಮತ್ತೆ ಎಣಿಸಿ ವರದಿ ಬರಬೇಕಂತೆ. ಒಂದೇ ದಿಣ್ಣೆ, ಒಂದೇ ಗೋಮಾಳ, ಅಕ್ಕಪಕ್ಕದ ಜಮೀನು. ಬೋರಯ್ಯನ ಪಾಲಿಗೆ ಸಾಕಾದ ಗೋಮಾಳ ನಮ್ಮ ಪಾಲಿಗೆ ಸಾಲದಾಯಿತು. ಗುಮಾಸ್ತರು ನನ್ನ ಮುಖ ನೋಡಲಿಲ್ಲ. ಈ ಸಲ ನಾನು ಕೂಗಾಡಲಿಲ್ಲ. ಯಾರ ಮೇಲೆ ಕೂಗಾಡಬೇಕಿತ್ತೋ ಅವನು ಅಲ್ಲಿ ಇರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ನನ್ನಿಂದಲೇ ಹೋಯಿತು ಎಂದೆ. ಅವತ್ತು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಇಷ್ಟು ಹೊತ್ತಿಗೆ ದಿಣ್ಣೆ ನಮ್ಮದಾಗುತ್ತಿತ್ತು ಎಂದೆ.

ಅವ್ವ ಕೇಳಿಸಿಕೊಂಡಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ಬಂತು. ಮುಖವೆಲ್ಲ ಕೆಂಪಾಯಿತು.

"ಬಾಯ್ ಮುಚ್ಕೊಂಡು ಕೂತ್ಕೊ" ಎಂದಳು. "ನಿಂದೇನೇ ತಪ್ಪು? ಬಸ್ ಹತ್ತಿದೋಳು ನೀನಾ?"

ಎದ್ದು ಬಚ್ಚಲ ಕಡೆ ಹೋದಳು. ಮೊಳಕೆಗೆ ಇಟ್ಟಿದ್ದ ಕಾಯಿ ಆಗಲೇ ಮೊಣಕಾಲೆತ್ತರ ಗರಿ ಬಿಟ್ಟಿತ್ತು. ಅದನ್ನು ಕಿತ್ತು ಬೇರಿನ ಮಣ್ಣು ಒದರಿ, "ನಡಿ" ಎಂದಳು. ಅಪ್ಪ ಗುದ್ದಲಿ ಎತ್ತಿಕೊಂಡ. ಮೂವರೂ ದಿಣ್ಣೆ ಹತ್ತಿದೆವು.

ಸಿಡಿಲು ಬಡಿದ ಮರದ ಗುಂಡಿ ಸೋಗೆ ಬಿದ್ದು ಮುಚ್ಚಿಕೊಂಡಿತ್ತು. ಅಪ್ಪ ಅದನ್ನು ಬಿಡಿಸಿ ಆಳ ಮಾಡಿದ. ಪಕ್ಕದಲ್ಲಿ ಬೋರಯ್ಯ ಹೊಸದಾಗಿ ಕಲ್ಲು ನೆಟ್ಟು ಬೇಲಿ ಹಾಕುತ್ತಿದ್ದವನು ನಮ್ಮನ್ನು ನೋಡಿ ತಲೆ ತಗ್ಗಿಸಿದ. ಅವ್ವ ನನ್ನ ಕಡೆ ತಿರುಗಿದಳು.

"ಕೂತ್ಕೊ. ಸೆರಗು ಒಡ್ಡು."

"ಅವ್ವ?"

"ಒಡ್ಡೇ."

ಮಣ್ಣಿನ ಮೇಲೆ ಕೂತು ಸೆರಗು ಒಡ್ಡಿದೆ. ಗಂಡನ ಮನೆ ಬಿಟ್ಟು ಬಂದ ಮೇಲೆ ನನಗೆ ಯಾರೂ ಮಡಿಲು ತುಂಬಿರಲಿಲ್ಲ. ಮಡಿಲು ತುಂಬುವುದು ಹೊರಟು ನಿಂತವರಿಗೆ, ಬಂದು ಉಳಿದವರಿಗಲ್ಲ. ಆ ಸಸಿಯನ್ನು, ಕಾಯಿ ಬೇರು ಗರಿ ಸಮೇತ, ಅವ್ವ ನನ್ನ ಮಡಿಲಲ್ಲಿ ಇಟ್ಟಳು. ನೆನೆದ ಸಿಪ್ಪೆಯ ತಣ್ಣಗಿನ ಭಾರ ತೊಡೆಯ ಮೇಲೆ ಕೂತಿತು.

"ಯಾವನ್ ಹೆಸ್ರಲ್ಲಾದ್ರೂ ಇರ್ಲಿ. ಖಾಲಿ ಬಿಡಕ್ಕಿಲ್ಲ. ನೆಡು" ಎಂದಳು.

ನೆಟ್ಟೆ. ಅಪ್ಪ ಮಣ್ಣು ಎಳೆದ. ಏಳುವ ಮೊದಲು ಸೆರಗಿಗೆ ಅಂಟಿದ್ದ ಮಣ್ಣನ್ನೆಲ್ಲ ಕೂಡಿಸಿದೆ, ಒಂದು ಹಿಡಿ ಆಯಿತು. ಪದ್ಧತಿ ಪದ್ಧತಿಯೇ, ಅದನ್ನು ಗುಂಡಿಗೆ ವಾಪಸ್ ಹಾಕಿದೆ. ಸಿಟ್ಟನ್ನು ಮಾತ್ರ ಹಾಕಲಿಲ್ಲ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ದಿಣ್ಣೆ ಇಳಿದೆ.